ಮರದೊಳಗೆ ಅಚ್ಚೊತ್ತಿದ ಸ್ವರ

ಡ್ರಮ್ ಬಾರಿಸುವ ನಾಲ್ವರು ಒಂದೆಡೆ ಸೇರಿರುವಾಗ ‘ಡಿ.ಡಬ್ಲ್ಯೂ.’ ಎಂಬ ಹೆಸರನ್ನು ಸುಮ್ಮನೆ ಒಮ್ಮೆ ಉಚ್ಚರಿಸಿ ನೋಡಿ. ಅದಕ್ಕೆ ಸಮನಾದ ವಾದ್ಯ ಮತ್ತೊಂದಿಲ್ಲವೆಂದು ಒಬ್ಬರು ಹೇಳುತ್ತಾರೆ. ಅದು ಹಣವಂತರ ಆಟಿಕೆ ಎಂದು ಇನ್ನೊಬ್ಬರು ಮುಖ ತಿರುಗಿಸುತ್ತಾರೆ. ಮೂರನೆಯವರು ಅವರ ಪೆಡಲ್ ಕೊಳ್ಳಿರಿ, ಡ್ರಮ್ ಬೇಡ ಎನ್ನುತ್ತಾರೆ. ವಾದ್ಯ ಯಾವುದಾದರೇನು, ಬಾರಿಸುವ ಕೈ ಮುಖ್ಯವಲ್ಲವೇ ಎಂದು ಕೇಳಿ ನಾಲ್ಕನೆಯವರು ಉಳಿದ ಮೂವರನ್ನೂ ಒಟ್ಟಿಗೆ ಕೆರಳಿಸುತ್ತಾರೆ.

2023ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಮಗಳ ಮನೆಯಲ್ಲಿದ್ದಾಗ ನಾನು ಈ ವಾಗ್ವಾದವನ್ನು ತಿಂಗಳುಗಟ್ಟಲೆ ಕೇಳಿದೆ. ಅದು ಕೇವಲ ಹವ್ಯಾಸಿಗಳ ಹರಟೆಯಾಗಿದ್ದರೆ ನಿಮ್ಮ ಮುಂದಿಡುವ ಅಗತ್ಯವಿರಲಿಲ್ಲ. ಆ ವರ್ಷದ ಆರಂಭದಲ್ಲಿ ನನ್ನ ಅಳಿಯನ ಕೆಲಸ ಹೋಗಿತ್ತು. ಕಂಪನಿಯವರು ಬೀಳ್ಕೊಡುವಾಗ ಕೊಟ್ಟ ಹಣ ಬ್ಯಾಂಕಿನಲ್ಲಿತ್ತು. ಮನೆಯ ಸಾಲದ ಕಂತು ತಿಂಗಳು ತಪ್ಪದೆ ಬರುತ್ತಿತ್ತು. ಹೀಗಿರುವಾಗ ನಲವತ್ತೆರಡು ವಯಸ್ಸಿನ ಆ ಮನುಷ್ಯ, ಆ ಹಣದ ಒಂದು ಪಾಲಿನಿಂದ ಡಿ.ಡಬ್ಲ್ಯೂ. ಡ್ರಮ್ ಸೆಟ್ ಕೊಳ್ಳಬೇಕೆಂದಿದ್ದೇನೆ ಎಂದು ಊಟದ ಮೇಜಿನಲ್ಲಿ ತಿಳಿಸಿದರು. ಮಗಳು ಏನೂ ಹೇಳದೆ ನನ್ನ ಕಡೆ ನೋಡಿದಳು. ಅದಕ್ಕೆ ಕಾರಣವಿತ್ತು. 1970ರ ದಶಕದಲ್ಲಿ ಬೆಂಗಳೂರಿನ ಮದುವೆಯ ಆರತಕ್ಷತೆಗಳಲ್ಲಿ ಬ್ಯಾಂಡಿನೊಂದಿಗೆ ಡ್ರಮ್ ಬಾರಿಸಿ ಕಾಲೇಜು ಶುಲ್ಕ ಕಟ್ಟಿದವನು ನಾನು. ಆ ಮನೆಯಲ್ಲಿ ಈ ವಿಷಯದ ಹಿರಿಯನೆಂದರೆ ನಾನೇ.

ಡ್ರಮ್ ಸೆಟ್ಟನ್ನು ನೀವೆಲ್ಲರೂ ನೋಡಿದ್ದೀರಿ. ಕಾಲಿನಿಂದ ಪೆಡಲ್ ಒತ್ತಿ ಬಾರಿಸುವ ದೊಡ್ಡ ಬಾಸ್ ಡ್ರಮ್, ಮೊಣಕಾಲುಗಳ ನಡುವೆ ಸ್ನೇರ್, ಎದುರಿಗೂ ಪಕ್ಕಕ್ಕೂ ಟಾಮ್‌ಗಳು, ಸುತ್ತಲೂ ಕಂಚಿನ ಸಿಂಬಲ್‌ಗಳು. ನೋಡಲು ಎಲ್ಲ ಸೆಟ್‌ಗಳೂ ಒಂದೇ. ಹಾಗಿದ್ದರೆ ಒಂದಕ್ಕೆ ಕೆಲವು ನೂರು ಡಾಲರು, ಮತ್ತೊಂದಕ್ಕೆ ಹಲವು ಸಾವಿರ ಡಾಲರು ಬೆಲೆಯೇಕೆ? ಆ ಸಾವಿರಗಳಲ್ಲೂ ಅನೇಕ ವೇಳೆ ಸಿಂಬಲ್‌ಗಳು, ಅವನ್ನು ನಿಲ್ಲಿಸುವ ಕಂಬಗಳು ಸೇರಿರುವುದಿಲ್ಲ! ಮಗಳು ಮೊದಲು ಕೇಳಿದ್ದು ಇದನ್ನೇ.

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಡಿ.ಡಬ್ಲ್ಯೂ. ಎಂದರೆ ‘ಡ್ರಮ್ ವರ್ಕ್‌ಶಾಪ್’. 1972ರಲ್ಲಿ ಡಾನ್ ಲೊಂಬಾರ್ಡಿ ಎಂಬ ಡ್ರಮ್ ಶಿಕ್ಷಕರು ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಆರಂಭಿಸಿದ್ದು ಕಾರ್ಖಾನೆಯನ್ನಲ್ಲ, ಪಾಠ ಹೇಳುವ ಒಂದು ಸಣ್ಣ ಶಾಲೆಯನ್ನು. ಜಾನ್ ಗುಡ್ ಅಲ್ಲಿಗೆ ಕಲಿಯಲು ಬಂದ ವಿದ್ಯಾರ್ಥಿ. ಪಾಠದ ಆದಾಯ ಸಾಲದೆ ವಾದ್ಯದ ಸಲಕರಣೆಗಳನ್ನು ಮಾರತೊಡಗಿದರು. 1977ರಲ್ಲಿ ಕ್ಯಾಮ್ಕೋ ಎಂಬ ಹಳೆಯ ಡ್ರಮ್ ಸಂಸ್ಥೆ ಕೈಬದಲಾದಾಗ ಅದರ ಹೆಸರು ಜಪಾನಿನ ಟಾಮಾ ಡ್ರಮ್‌ಗಳ ಸಂಸ್ಥೆಯ ಪಾಲಾಯಿತು. ಅಚ್ಚುಗಳು, ಯಂತ್ರಗಳು ಲೊಂಬಾರ್ಡಿಯವರ ಪಾಲಿಗೆ ಬಂದವು. ಆ ಯಂತ್ರಗಳಿಂದ ಮೊದಲು ಹೊರಬಂದದ್ದು ಬಾಸ್ ಡ್ರಮ್ಮಿನ ಪೆಡಲ್. ಡ್ರಮ್‌ಗಳಿಂದ ಹೆಸರು ಮಾಡಿದ್ದು ಆಮೇಲೆ. ಬಳಿಕ ಆಕ್ಸ್‌ನಾರ್ಡ್ ಪಟ್ಟಣದಲ್ಲಿ ಸಂಸ್ಥೆ ದೊಡ್ಡದಾಗಿ ಬೆಳೆಯಿತು. 2022ರಲ್ಲಿ ಜಪಾನಿನ ರೋಲಂಡ್ ಸಂಸ್ಥೆ ಅದನ್ನು ಕೊಂಡುಕೊಂಡಿತು.

ಇನ್ನು ಆ ವಿವಾದದ ಬೇರಿಗೆ ಬರೋಣ. ಡ್ರಮ್ಮಿನ ಮರದ ಮೈಯನ್ನು ಒಂದೇ ದಿಮ್ಮಿಯಿಂದ ಕೊರೆಯುವುದು ಅಪರೂಪ. ಮೇಪಲ್ ಮರದ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಅಚ್ಚಿನಲ್ಲಿ ಒತ್ತಿ ಕೊಳವೆಯಂತೆ ಮಾಡುತ್ತಾರೆ. ಹೀಗೆ ಸಿದ್ಧವಾದ ಬರಿಯ ಮೈಯನ್ನು ಜಾನ್ ಗುಡ್ ಬೆರಳಿನಿಂದ ತಟ್ಟಿ ಕೇಳಿದರು. ಒಂದೇ ಅಳತೆಯ ಎರಡು ಮೈಗಳು ಒಂದೇ ಸ್ವರದಲ್ಲಿ ನುಡಿಯಲಿಲ್ಲ. ಮರವೆಂದರೆ ಹಾಗೆಯೇ. ಆಗ ಅವರು ಪರಸ್ಪರ ಹೊಂದುವ ಮೈಗಳನ್ನು ಆರಿಸಿ ಒಂದು ಸೆಟ್ಟಿಗೆ ಸೇರಿಸುವ, ಪ್ರತಿಯೊಂದರ ಒಳಮೈಯಲ್ಲಿ ಅದರ ಸ್ವರದ ಅಕ್ಷರವನ್ನು ಅಚ್ಚೊತ್ತುವ ಪದ್ಧತಿಯನ್ನು ತಂದರು. ಮುಂದೆ ಹಾಳೆಗಳ ಎಳೆಯನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಜೋಡಿಸಿ ಮೈಯ ಸ್ವರವನ್ನು ಬೇಕಾದಂತೆ ಇಳಿಸುವ, ಏರಿಸುವ ವಿಧಾನವನ್ನೂ ಕಂಡುಕೊಂಡರು. ಹಲಸಿನ ಮರದ ಮೃದಂಗವನ್ನು ಆರಿಸುವಾಗ ಬರಿಯ ಮರವನ್ನು ತಟ್ಟಿ ನೋಡುವ ವಿದ್ವಾಂಸರನ್ನು ಕಂಡ ನಮಗೆ ಇದು ತೀರ ಹೊಸದೆನಿಸಲಾರದು.

ಆದರೆ ಅಳಿಯನ ಗೆಳೆಯರಲ್ಲಿ ಒಬ್ಬರು, ಎಪ್ಪತ್ತು ದಾಟಿದ ಜಾಝ್ ವಾದಕರು, ಆ ಅಚ್ಚಿನ ಮಾತೆತ್ತಿದರೆ ನಗುತ್ತಿದ್ದರು. ತಟ್ಟಿ ಕೇಳಿದ್ದು ಬರಿಯ ಮರವನ್ನು. ಆಮೇಲೆ ಅದಕ್ಕೆ ರಂಧ್ರ ಕೊರೆದು, ಲೋಹದ ಹಿಡಿಗಳನ್ನು ಬಿಗಿದು, ಮೇಲೂ ಕೆಳಗೂ ಬಳೆ ತೊಡಿಸಿ, ಎರಡು ಸ್ಕಿನ್ ಎಳೆದು ಕಟ್ಟಿದ ಮೇಲೆ ಆ ಸ್ವರ ಎಲ್ಲಿ ಉಳಿಯಿತು? ಇದು ಅವರ ಪ್ರಶ್ನೆ. ಸ್ಕಿನ್ ಎಂಬುದು ಹೆಸರಿಗೆ ಮಾತ್ರ. ಅದು ಚರ್ಮವಲ್ಲ, ಪ್ಲಾಸ್ಟಿಕ್ ಹಾಳೆ. 1957ರಲ್ಲಿ ರೆಮೊ ಬೆಲ್ಲಿ ಅದನ್ನು ವ್ಯಾಪಾರಕ್ಕೆ ತಂದ ಮೇಲೆ ಮಳೆಗಾಲದಲ್ಲಿ ಸಡಿಲವಾಗುವ ಕರುವಿನ ಚರ್ಮದ ಕಾಟ ತಪ್ಪಿತು. ನಾವು ಕೇಳುವ ಸ್ವರವನ್ನು ಬಹುಪಾಲು ನಿರ್ಧರಿಸುವುದು ಆ ಹಾಳೆಯ ದಪ್ಪ ಮತ್ತು ಬಿಗಿತವೆಂಬುದು ನಿಜ. ಆ ಹಿರಿಯರ ಬಳಿ ಇದ್ದದ್ದು ಹಳೆಯ ಗ್ರೆಚ್ ಸೆಟ್. 1883ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜರ್ಮನ್ ವಲಸಿಗರೊಬ್ಬರು ಕಟ್ಟಿದ ಸಂಸ್ಥೆಯದು. ರೋಲಿಂಗ್ ಸ್ಟೋನ್ಸ್ ತಂಡದ ಚಾರ್ಲಿ ವಾಟ್ಸ್ 1957ರಲ್ಲಿ ತಯಾರಾದ ಗ್ರೆಚ್ ಸೆಟ್ಟನ್ನು ದಶಕಗಳ ಕಾಲ ಬಾರಿಸಿದರಲ್ಲ, ಅವರಿಗೆ ಯಾರು ಅಕ್ಷರ ಒತ್ತಿಕೊಟ್ಟಿದ್ದರು ಎಂದು ಅವರು ಕೇಳುತ್ತಿದ್ದರು. ಡಿ.ಡಬ್ಲ್ಯೂ. ನಾದದಲ್ಲಿ ದೋಷವಿಲ್ಲ, ಅದೇ ಅದರ ದೋಷ ಎಂಬುದು ಅವರ ತೀರ್ಪು. ಸ್ವಲ್ಪ ಕರಟಿದ ಅಂಚಿನಿಂದಲೇ ರೊಟ್ಟಿಗೆ ರುಚಿ ಎಂದು ನಾವು ಹೇಳುವುದಿಲ್ಲವೇ, ಅಂಥ ಮಾತು.

ಸ್ಟುಡಿಯೋಗಳಲ್ಲಿ ಧ್ವನಿಮುದ್ರಣಕ್ಕೆ ಬಾರಿಸಿ ಜೀವನ ಮಾಡುವ ಮತ್ತೊಬ್ಬರದು ಇದಕ್ಕೆ ನೇರ ವಿರುದ್ಧ ನಿಲುವು. ಅವರ ಬಳಿ ಡಿ.ಡಬ್ಲ್ಯೂ. ಇತ್ತು. ಅದರ ಬಿಗಿಯುವ ತಿರುಪುಗಳ ಎಳೆ ಬೇರೆಯವಕ್ಕಿಂತ ಸೂಕ್ಷ್ಮ. ಕೂದಲೆಳೆಯಷ್ಟು ಶ್ರುತಿ ಸರಿಪಡಿಸಬಹುದು, ಸರಿಪಡಿಸಿದ್ದು ನಿಲ್ಲುತ್ತದೆ ಎಂದರು ಅವರು. ಹೌದು, ಆದರೆ ಪರ ಊರಿನಲ್ಲಿ ಒಂದು ತಿರುಪು ಕಳೆದರೆ ಸಾಮಾನ್ಯ ಅಂಗಡಿಯ ತಿರುಪು ಅದಕ್ಕೆ ಹೊಂದುವುದಿಲ್ಲವಲ್ಲ ಎಂದು ಹಿರಿಯರು ಚುಚ್ಚಿದರು. ಅದೂ ನಿಜವೇ. ಕಂಬಗಳ ಭಾರದ ಬಗ್ಗೆ ಮಾತ್ರ ಇಬ್ಬರಲ್ಲೂ ಒಮ್ಮತವಿತ್ತು. ಎರಡನೆಯ ಮಹಡಿಗೆ ಹೊತ್ತವರಿಗೆ ಅದರಲ್ಲಿ ಅನುಮಾನವೇ ಬರುವುದಿಲ್ಲವಂತೆ.

ಈ ಎಲ್ಲದರ ನಡುವೆ ನನ್ನ ಸಾಕ್ಷ್ಯಕ್ಕೆ ಎಷ್ಟು ಬೆಲೆ? ಓದುಗರೇ, ವರ್ಷಗಟ್ಟಲೆ ಸಿಂಬಲ್‌ಗಳ ಪಕ್ಕ ಕುಳಿತವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಆ ಕಾಲದಲ್ಲಿ ಕಿವಿಗೆ ಹತ್ತಿಯಿಟ್ಟುಕೊಳ್ಳುವವರೂ ಇರಲಿಲ್ಲ. ಇಂದು ಪಕ್ಕದ ಕೋಣೆಯ ಕುಕ್ಕರಿನ ಸೀಟಿ ನನಗೆ ಕೇಳಿಸುವುದಿಲ್ಲ. ಎರಡು ಟಾಮ್‌ಗಳ ನಾದದ ಸೂಕ್ಷ್ಮವನ್ನು ಅಳೆಯುವ ಕಿವಿ ನನ್ನಲ್ಲಿ ಇಲ್ಲವೆಂದು ಮೊದಲ ದಿನವೇ ಅಳಿಯನಿಗೆ ತಿಳಿಸಿದ್ದೆ. ಅವರು ನಂಬಲಿಲ್ಲ. ಡ್ರಮ್ ಬಾರಿಸಿದವರ ಕಿವಿ ಮಂದವಾಗುವುದನ್ನು ನಂಬಲು ಡ್ರಮ್ ಬಾರಿಸುವವರಿಗೆ ಸಾಮಾನ್ಯವಾಗಿ ಮನಸ್ಸಾಗುವುದಿಲ್ಲ. ಮನೆಯಲ್ಲಿ ಹದಿಹರೆಯದ ವಾದಕರಿರುವ ತಂದೆತಾಯಂದಿರು ಉಳಿದೆಲ್ಲ ಸಲಕರಣೆಗಳಿಗಿಂತ ಮೊದಲು ಕಿವಿಗೆ ಇಡುವ ಅಗ್ಗದ ಬಿರಡೆಯನ್ನು ಕೊಡಿಸಿರಿ. ಇದನ್ನು ಮಾತ್ರ ನಾನು ಯಾವ ಸಂಶಯವೂ ಇಲ್ಲದೆ ಹೇಳಬಲ್ಲೆ.

ಒಂದು ಶನಿವಾರ ಆ ಸ್ಟುಡಿಯೋ ವಾದಕರು ನಮ್ಮಲ್ಲಿಗೆ ಬಂದರು. ಗ್ಯಾರೇಜಿನಲ್ಲಿದ್ದ ಅಳಿಯನ ಹಳೆಯ ಮಧ್ಯಮ ದರ್ಜೆಯ ಸೆಟ್ಟನ್ನು ಬಿಚ್ಚಿ, ಮರದ ಅಂಚಿನ ಧೂಳೊರೆಸಿ, ಹೊಸ ಸ್ಕಿನ್‌ಗಳನ್ನು ಹಾಕಿ, ಪ್ರತಿ ತಿರುಪಿನ ಬಳಿ ಬೆರಳಿನಿಂದ ತಟ್ಟಿ ತಟ್ಟಿ ಶ್ರುತಿ ಮಾಡುತ್ತಾ ಕುಳಿತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂಜೆ ಅಳಿಯ ಬಾರಿಸಿದಾಗ ಅಡುಗೆಮನೆಯಲ್ಲಿದ್ದ ಮಗಳು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಹೊಸದು ಬಂತೇ ಎಂದು ಕೇಳಿದಳು! ನನ್ನ ಮಂದ ಕಿವಿಗೂ ವ್ಯತ್ಯಾಸ ತಿಳಿಯಿತು.

ಹಾಗಾದರೆ ಸಾವಿರಾರು ಡಾಲರು ಏತಕ್ಕೆ ಎಂದು ನಾನು ಆ ವಾದಕರನ್ನು ಕೇಳಿದೆ. ಅವರು ಕೈಯೊರೆಸಿಕೊಳ್ಳುತ್ತಾ ಕೊಟ್ಟ ಉತ್ತರ ಆ ಒಂದು ತಿಂಗಳಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು. ಇದಕ್ಕೆ ಇಂದು ನನಗೆ ನಾಲ್ಕು ಗಂಟೆ ಹಿಡಿಯಿತು, ನನ್ನ ಸೆಟ್ಟಿಗೆ ಇಪ್ಪತ್ತು ನಿಮಿಷ ಸಾಕು, ಸ್ಟುಡಿಯೋಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡಬೇಕು ಎಂದರು ಅವರು. ಅಂದರೆ ಅವರು ಕೊಂಡದ್ದು ನಾದವನ್ನಷ್ಟೇ ಅಲ್ಲ, ಮೂರೂವರೆ ಗಂಟೆಗಳನ್ನು. ಪ್ರತಿ ವಾರವೂ ಮೂರೂವರೆ ಗಂಟೆಗಳು! ಅವರ ವೃತ್ತಿಗೆ ಅದು ದುಬಾರಿಯಲ್ಲ. ಕ್ಲಬ್ಬಿನ ಮೂಲೆಯಲ್ಲಿ ಮೂವರ ಜೊತೆ ಬಾರಿಸುವ ಹಿರಿಯರಿಗೆ ಆ ಗಂಟೆಗಳ ಲೆಕ್ಕವೇ ಇಲ್ಲ. ಅವರಿಗೆ ಬೇಕಾದದ್ದು ತಾವು ಯೌವನದಲ್ಲಿ ಕೇಳಿ ಬೆಳೆದ ನಾದ. ಇಬ್ಬರೂ ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತಿದ್ದಾರೆಂದು ನಾನು ಅಂದಿನವರೆಗೆ ತಿಳಿದಿದ್ದೆ. ಪ್ರಶ್ನೆಗಳೇ ಬೇರೆಯಾಗಿದ್ದವು.

ಅಳಿಯನ ಪ್ರಶ್ನೆ ಯಾವುದು? ಅದನ್ನು ಹೊರಗೆಳೆದವಳು ಮಗಳು. ಆ ರಾತ್ರಿ ಅವಳು, ಇಷ್ಟು ಚೆನ್ನಾಗಿ ನುಡಿಯುವಾಗ ಇನ್ನೂ ಬೇಕೇ ಎಂದು ಮೃದುವಾಗಿಯೇ ಕೇಳಿದಳು. ಅವರು ಮೊದಲು ಅಂಚು, ತಿರುಪು, ಎಳೆ ಎಂದೆಲ್ಲ ಆರಂಭಿಸಿದರು. ಆಮೇಲೆ ನಿಲ್ಲಿಸಿ, ತಾವು ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಮನೆಯ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ವಿಷಯ ಹೇಳಿದರು. ಕೆನಡಾದ ರಷ್ ತಂಡದ ನೀಲ್ ಪಿಯರ್ಟ್ ತಮ್ಮ ಸುತ್ತ ಕೋಟೆಯಂತೆ ಡ್ರಮ್‌ಗಳನ್ನು ಕಟ್ಟಿಕೊಂಡು ಕುಳಿತ ಚಿತ್ರ. 1990ರ ದಶಕದ ನಡುವಿನಿಂದ 2015ರ ಕೊನೆಯ ಪ್ರವಾಸದವರೆಗೆ ಅವರು ಬಾರಿಸಿದ್ದು ಡಿ.ಡಬ್ಲ್ಯೂ.ಯನ್ನೇ. 2020ರ ಜನವರಿಯಲ್ಲಿ ಪಿಯರ್ಟ್ ತೀರಿಕೊಂಡರು. ಕೆಲಸ ಹೋದ ದಿನ ಮನೆಗೆ ಬರುವ ದಾರಿಯಲ್ಲಿ ನನಗೆ ನೆನಪಾದದ್ದು ಆ ಚಿತ್ರ ಎಂದರು ಅಳಿಯ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅದು ನಾದದ ಮಾತಲ್ಲ, ಇದನ್ನು ಮೊದಲೇ ಹೇಳಿದ್ದರೆ ನಾನು ತಿರುಪಿನ ಬಗ್ಗೆ ತಿಂಗಳಿಡೀ ಕೇಳಬೇಕಾಗಿರಲಿಲ್ಲ ಎಂದಳು. ಕೋಪವಿರಲಿಲ್ಲ. ಕೆಲಸ ಸಿಗಲಿ, ಸಿಕ್ಕ ಮೇಲೆ ಆರು ತಿಂಗಳು ಕಂತು ಕಟ್ಟೋಣ, ಆಮೇಲೆ ನಾನೇ ನೆನಪಿಸುತ್ತೇನೆ ಎಂದಳು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ, ಅಷ್ಟು ಚೆನ್ನಾಗಿ ಅಲ್ಲದಿದ್ದರೂ. ಗೋಡೆಯ ಮೇಲಿನ ಚಿತ್ರಕ್ಕಾಗಿ ವಾದ್ಯ ಕೊಳ್ಳುವುದನ್ನು ಹಗುರವಾಗಿ ಕಾಣುವವನು ನಾನಲ್ಲ. ಬೆಲೆಬಾಳುವ ವಸ್ತುವನ್ನೆಲ್ಲ ವ್ಯರ್ಥವೆನ್ನುವ ಒಂದು ಬಗೆಯ ಒಣ ಜಾಣತನವಿದೆ, ಅದು ನನಗೆ ಹಿಡಿಸದು. ಆದರೆ ಆ ಆಸೆಯನ್ನು ಮರದ ಎಳೆಯ ಶಾಸ್ತ್ರದ ಹಿಂದೆ ಅಡಗಿಸಿಟ್ಟರೆ, ಸಂಸಾರದಲ್ಲಿ ಅದನ್ನು ತೂಗಿ ನೋಡುವುದು ಹೇಗೆ?

ಅಳಿಯನಿಗೆ ಆ ವರ್ಷದ ಕೊನೆಯಲ್ಲಿ ಕೆಲಸ ದೊರೆಯಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. 2024ರ ಆಗಸ್ಟಿನಲ್ಲಿ ಮಗಳು ಮಾತು ಉಳಿಸಿಕೊಂಡಳು. ಊರು ಬಿಟ್ಟು ಹೊರಟಿದ್ದ ಒಬ್ಬರಿಂದ, ಹೊಸದರ ಅರ್ಧ ಬೆಲೆಗೂ ಕಡಿಮೆಗೆ, ನಾಲ್ಕು ಡ್ರಮ್‌ಗಳ ಹಳೆಯ ಡಿ.ಡಬ್ಲ್ಯೂ. ಸೆಟ್ ಮನೆಗೆ ಬಂತು. ಅಷ್ಟರಲ್ಲಿ ನಾನು ಬೆಂಗಳೂರಿಗೆ ಮರಳಿದ್ದೆ. ಭಾನುವಾರ ಬೆಳಿಗ್ಗೆ ಅವರು ವಿಡಿಯೋ ಕರೆ ಮಾಡಿ ಒಂದು ಟಾಮಿನ ಸ್ಕಿನ್ ಬಿಚ್ಚಿ ಒಳಮೈಯನ್ನು ತೋರಿಸಿದರು. ಮೇಪಲ್ ಹಾಳೆಯ ಮೇಲೆ ಒಂದೇ ಒಂದು ಅಕ್ಷರದ ಅಚ್ಚು. ಮಗಳು ಬೆರಳಿನಿಂದ ಮರವನ್ನು ತಟ್ಟಿ, ಕೀಬೋರ್ಡಿನಲ್ಲಿ ಆ ಸ್ವರವನ್ನೊತ್ತಿ, ಎರಡೂ ಒಂದೇ ಅಲ್ಲ ಎಂದಳು. ಒಂದೇ, ಲೋಹದ ಹಿಡಿಗಳು ಇರುವುದರಿಂದ ಹಾಗೆ ಕೇಳಿಸುತ್ತದೆ ಎಂದರು ಅಳಿಯ. ಇಬ್ಬರೂ ಮತ್ತೆ ಮತ್ತೆ ತಟ್ಟಿದರು. ಕೊನೆಗೆ ಫೋನನ್ನು ಟಾಮಿನ ಬಾಯಿಗೆ ಹಿಡಿದು, ಅಪ್ಪಾ, ನೀವೇ ಹೇಳಿ ಎಂದಳು ಮಗಳು. ನನಗೆ ಕೇಳಿಸಿದ್ದು ಮರ ತಟ್ಟುವ ಸದ್ದು ಮಾತ್ರ. ಮೊದಲು ಸ್ಕಿನ್ ಹಾಕಿ ಬಾರಿಸಿರಿ ಎಂದೆ.