ಸ್ನೈಪರ್ ಎಂಟನೇ ಭಾಗ ಮತ್ತು ನಮ್ಮ ಮಾಮಾ

ನಮ್ಮ ಮಾಮಾ ಬೈಲಹೊಂಗಲದ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ನಿಲ್ಲುತ್ತಿದ್ದರು. ಸ್ಕಾಲರ್‌ಶಿಪ್ ಖಾತೆ ತೆರೆಯಲು ಹೋದ ನಮ್ಮ ಕಾಲೇಜಿನ ಕೆಲವರು ಅವರಿಂದ "ಸಾಲಿನ್ಯಾಗ ನಿಂದರ್ರಿ" ಎಂದು ಬೈಸಿಕೊಂಡಿರಲೂಬಹುದು. ಅದಕ್ಕೂ ಮೊದಲು ಅವರು ಇಪ್ಪತ್ತೆರಡು ವರ್ಷ ಮದ್ರಾಸ್ ರೆಜಿಮೆಂಟಿನಲ್ಲಿದ್ದರು. ಹವಾಲ್ದಾರ್ ಆಗಿ 2012ರಲ್ಲಿ ನಿವೃತ್ತರಾದರು. ಬೆಟಾಲಿಯನ್ನಿನಲ್ಲಿ ದೂರದ ಗುರಿ ಹೊಡೆಯುವವರಲ್ಲಿ ಅವರೂ ಒಬ್ಬರು.

ಮಾಮಾನ ಮನೆ ಇರುವುದು ರಾಮದುರ್ಗದಲ್ಲಿ. ವಾರವಿಡೀ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದರು, ಶನಿವಾರ ಸಂಜೆ ಸವದತ್ತಿ ಮೇಲೆ ಹೋಗುವ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದರು. ಆ ಪಡಸಾಲೆಯಲ್ಲೇ ಟಿವಿ ಇತ್ತು. ಹೀಗಾಗಿ ಇಂಗ್ಲಿಷ್ ಚಾನೆಲ್‌ನಲ್ಲಿ ಬರುವ 'ಸ್ನೈಪರ್' ಸಿನಿಮಾಗಳಿಗೂ ನಮಗೂ ನಂಟು ಬೆಳೆಯಿತು.

ಈ ಸಿನಿಮಾಗಳು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೊದಲನೆಯದು 1993ರಲ್ಲಿ ಬಂತು. ಟಾಮ್ ಬೆರೆಂಜರ್ ಎಂಬ ನಟ ಅದರಲ್ಲಿ ಥಾಮಸ್ ಬೆಕೆಟ್ ಎಂಬ ಅಮೆರಿಕದ ಮರೀನ್ ಸೈನಿಕ. ಕಥೆ ನಡೆಯುವುದು ಪನಾಮಾದ ಕಾಡಿನಲ್ಲಿ, ಚಿತ್ರೀಕರಣ ಮಾಡಿದ್ದು ಆಸ್ಟ್ರೇಲಿಯಾದಲ್ಲಿ. ಕೊನೆಗೆ ವೈರಿಗಳು ಅವನನ್ನು ಹಿಡಿದು, ಕುದುರೆ ಎಳೆಯುವ ಬೆರಳನ್ನೇ ಕತ್ತರಿಸುತ್ತಾರೆ. ಗುರಿಕಾರನ ಕಥೆ ಅಲ್ಲಿಗೆ ಮುಗಿಯಬೇಕು, ಅಲ್ಲವೇ? ಮುಗಿಯಲಿಲ್ಲ. 2002ರಲ್ಲಿ ಎರಡನೆಯದು ಬಂತು, 2004ರಲ್ಲಿ ಮೂರನೆಯದು. ಆಮೇಲೆ ಅವನ ಮಗ ಬ್ರ್ಯಾಂಡನ್ ಬೆಕೆಟ್ ಬಂದ. 2025ರವರೆಗೆ ಒಟ್ಟು 11 ಚಿತ್ರಗಳು! ಮೊದಲನೆಯದನ್ನು ಬಿಟ್ಟರೆ ಹೆಚ್ಚಿನವು ಥಿಯೇಟರ್ ಮೆಟ್ಟಿಲು ಹತ್ತದೆ ನೇರವಾಗಿ ಡಿಸ್ಕ್‌ಗೋ ಟಿವಿಗೋ ಬಂದವು. ಖರ್ಚು ಕಡಿಮೆ ಎನ್ನುವುದು ನೋಡಿದರೆ ತಿಳಿಯುತ್ತದೆ: ಒಂದು ಕಾಡು, ಒಂದು ಹಾಳು ಕಟ್ಟಡ, ನಾಲ್ಕು ಜೀಪು. ಬೆರೆಂಜರ್ ಹುಟ್ಟಿದ್ದು 1949ರಲ್ಲಿ. ಎಂಟನೇ ಭಾಗ ಬಂದ 2020ರ ಹೊತ್ತಿಗೆ ಅವನಿಗೆ ಎಪ್ಪತ್ತು ದಾಟಿತ್ತು. ಆದರೂ ಬಂದೂಕು ಹಿಡಿದು ಹೊರಟ.

ನಾನೂ ನನ್ನ ತಮ್ಮನೂ ಇವನ್ನು ನೋಡಿ ನಗುತ್ತಿದ್ದೆವು. ಐದನೇ ಭಾಗದಲ್ಲಿ ಮಗನಿಗೆ ನಿನ್ನಪ್ಪ ಸತ್ತ ಎಂದು ಹೇಳುತ್ತಾರೆ, ನೋಡಿದರೆ ಅಪ್ಪ ಬದುಕಿದ್ದಾನೆ. "ಇವ ಸಾಯೂದಿಲ್ಲ, ಪಿಂಚಣಿ ಸಾಲದು ಅಂತ ಕಾಣತೈತಿ" ಎಂದು ತಮ್ಮ ಅಂದಿದ್ದ. ಮಾಮಾ ಮಾತ್ರ ನಗುತ್ತಿರಲಿಲ್ಲ. ಅವರು ಬೈಯುತ್ತಿದ್ದರು. ಗುಂಡು ಗಾಳಿಯಲ್ಲಿ ನಿಧಾನವಾಗಿ ಹಾರುವುದನ್ನು ತೋರಿಸಿದರೆ ಬೈಗುಳ. ಒಬ್ಬನೇ ಹೊರಟರೆ ಬೈಗುಳ. ನಿಜವಾದ ಸ್ನೈಪರ್ ಜೊತೆಗೊಬ್ಬ ಇದ್ದೇ ಇರುತ್ತಾನಂತೆ. ಅವನು ದುರ್ಬೀನು ಹಿಡಿದು ಗಾಳಿ, ದೂರ ಹೇಳುತ್ತಾನೆ. ಮಾಮಾ ಹಿಡಿದಿದ್ದು ರಷ್ಯಾದ ದ್ರಾಗುನೋವ್ ರೈಫಲ್. ಮ್ಯಾಗಜಿನ್ನಿನಲ್ಲಿ 10 ಗುಂಡು, ದೂರದ್ದನ್ನು ನಾಲ್ಕು ಪಟ್ಟು ಹತ್ತಿರ ತೋರಿಸುವ ದುರ್ಬೀನು. ಕಾಶ್ಮೀರದಲ್ಲಿ ಅದನ್ನು ಯಾರ ಮೇಲಾದರೂ ಹಾರಿಸಿದ್ದೀರಾ ಎಂದು ಒಮ್ಮೆ ಕೇಳಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಅವತ್ತು ಗಾಳಿ ಎಷ್ಟಿತ್ತು ಅನ್ನೂದು ನೆನಪೈತಿ, ಬೇಟಿ" ಎಂದರು. (ನಮ್ಮದು ಮನೆಯಲ್ಲಿ ದಖನಿ ಮಾತು. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಬೈಗುಳ ಮಾತ್ರ ಅನುವಾದಿಸುವ ಹಾಗಿಲ್ಲ.)

ಇಷ್ಟೆಲ್ಲ ಬೈದರೂ ಎರಡನೇ ಭಾಗ ಬಂದರೆ ಅವರು ಏಳುತ್ತಿರಲಿಲ್ಲ. ಅದರಲ್ಲಿ ಬೆರಳು ಕಳೆದುಕೊಂಡು ಸೇನೆಯಿಂದ ಹೊರಗಿದ್ದ ಬೆಕೆಟ್‌ನ ಬಳಿ ದೊಡ್ಡವರು ಬಂದು ಒಂದು ಕೆಲಸ ಒಪ್ಪಿಸುತ್ತಾರೆ. ಅವನು ಹಣ ಕೇಳುವುದಿಲ್ಲ, ಮತ್ತೆ ಸೇನೆಗೆ ತೆಗೆದುಕೊಳ್ಳಿ ಎನ್ನುತ್ತಾನೆ. ಆ ಜಾಗ ಬಂದಾಗ ಮಾಮಾ ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು, ನಾವು ಚಾನೆಲ್ ಬದಲಿಸಬಾರದೆಂದು.

ಕಳೆದ ವರ್ಷ ಅಕ್ಟೋಬರಿನ ಒಂದು ಶನಿವಾರ ಅವರು ರಾಮದುರ್ಗಕ್ಕೆಂದು ಹೊರಟವರು ರಾತ್ರಿ ಒಂಬತ್ತಕ್ಕೆ ನಮ್ಮ ಮನೆಗೇ ವಾಪಸ್ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದರೆ "ಕಿತ್ತೂರಿಗೆ, ಕೋಟೆ ನೋಡಾಕ" ಎಂದರು. ಕಿತ್ತೂರು ಒಂದು ದಿಕ್ಕು, ರಾಮದುರ್ಗ ಅದರ ತದ್ವಿರುದ್ಧ ದಿಕ್ಕು. ಅಮ್ಮ ಒಂದೇ ಸಮನೆ ನೋಡಿದಳು. ಮಾಮಾ ಊಟಕ್ಕೆ ಕುಳಿತು ಅಮಟೂರ ಬಾಳಪ್ಪನ ಕಥೆ ತೆಗೆದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಅವನ ಗುಂಡಿಗೆ. ಅಮಟೂರು ನಮ್ಮ ಬೈಲಹೊಂಗಲ ತಾಲ್ಲೂಕಿನದೇ ಹಳ್ಳಿ. "ಎಲ್ಲಿ ನಿಂತು ಹೊಡದಿರಬೇಕು ಅಂತ ದೂರ ಅಳೀಲಿಕ್ಕೆ ಹೋಗಿದ್ದೆ. ಅವಗ ದುರ್ಬೀನಿಲ್ಲ, ಜೊತೆಗಾರನಿಲ್ಲ. ಒಮ್ಮೆ ಹೊಡದ ಮ್ಯಾಗ ಮತ್ತ ಮದ್ದು ತುಂಬಬೇಕು" ಎಂದರು.

ಕಥೆ ಚೆನ್ನಾಗಿತ್ತು. ನಾನೂ ಒಂದು ಮಾತು ಸೇರಿಸಿದೆ. ನಮ್ಮ ಕಡೆಯ ಕಥೆಗಳಿಗೆ ಎರಡನೇ ಭಾಗವೇ ಇರುವುದಿಲ್ಲ. ಆ ಡಿಸೆಂಬರಿನಲ್ಲಿ ಇಂಗ್ಲಿಷರು ಮತ್ತೆ ಬಂದು ಕೋಟೆ ಗೆದ್ದರು, ಚೆನ್ನಮ್ಮ 1829ರಲ್ಲಿ ತೀರಿಕೊಳ್ಳುವವರೆಗೆ ಇದೇ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಳು. ನಾಲ್ಕು ವರ್ಷ ಅವಳು ಏನು ನೋಡುತ್ತಿದ್ದಳು, ಯಾರ ಜೊತೆ ಮಾತಾಡುತ್ತಿದ್ದಳು ಎಂಬುದರ ಮೇಲೆ ಯಾರೂ ಸಿನಿಮಾ ಮಾಡಿಲ್ಲ. ಅವಳ ಸಮಾಧಿ ಇರುವ ಊರಿನಲ್ಲೇ ಓದುತ್ತಿರುವ ನನಗೂ ಆವರೆಗೆ ಅದು ಹೊಳೆದಿರಲಿಲ್ಲ. ಮಾಮಾ ತಲೆಯಾಡಿಸಿ, ರೊಟ್ಟಿ ಮುರಿದು, ಪಲ್ಯದ ಬಟ್ಟಲು ಎಂದುಕೊಂಡು ನೀರಿನ ಲೋಟಕ್ಕೆ ಅದ್ದಿದರು.

ಆಗ ಗೊತ್ತಾಯಿತು. ಅವರಿಗೆ ಬಸ್ಸಿನ ಬೋರ್ಡು ಕಂಡಿರಲಿಲ್ಲ.

ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಅಷ್ಟಿಷ್ಟು ಕಾಣುತ್ತಿತ್ತು. ಬಂದೂಕಿನ ಲೈಸನ್ಸ್ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕಿತ್ತು, ಕೆಲಸ ಕೊಟ್ಟ ಏಜೆನ್ಸಿಯವರೂ ಕೇಳಿದ್ದರು. ಆಪರೇಷನ್ನಿಗೆ ರಜೆ ಹಾಕಿದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂಬ ಭಯ ಒಂದು. ಇನ್ನೊಂದನ್ನು ಅವರು ಹೇಳಿದ್ದು ಬಹಳ ದಿನಗಳ ಮೇಲೆ: "ಎಡಗಣ್ಣಿಗೆ ಬೇಕಾದ್ದು ಮಾಡ್ಲಿ. ಬಲಗಣ್ಣಿಗೆ ಬ್ಲೇಡು ಹಚ್ಚಾಕ ನಾ ಬಿಡೂದಿಲ್ಲ." ಗುರಿ ನೋಡುವ ಕಣ್ಣು ಅದು.

ನಾನು ಮಾಡಿದ ತಪ್ಪು ಈಗ ಬರುತ್ತದೆ. ಒಂದು ರಾತ್ರಿ ಅವರು, ಕಣ್ಣು ಪರೀಕ್ಷೆಯ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೇನು ಎಂದು ಕೇಳಿದರು. ಸಿಗುತ್ತದೆ ಎಂದೆ. ಓದು ಎಂದರು. ಓದಿದೆ. ಇ. ಎಫ್ ಪಿ. ಟಿ ಒ ಝಡ್. ಎಲ್ ಪಿ ಇ ಡಿ. ನಾಲ್ಕು ದಿನ ಇಶಾ ನಮಾಜು ಮುಗಿಸಿ ಬಂದು ನನ್ನೆದುರು ಕೂತು ಬಾಯಿಪಾಠ ಮಾಡಿದರು, ನಾನು ಮಗ್ಗಿ ಒಪ್ಪಿಸಿಕೊಂಡಂತೆ ಒಪ್ಪಿಸಿಕೊಂಡೆ. ಏನು ನಡೆಯುತ್ತಿದೆ ಎಂದು ನನಗೆ ಮೊದಲ ರಾತ್ರಿಯೇ ಗೊತ್ತಿತ್ತು. ಮಾಮಾನ ಕೆಲಸ ಉಳಿಯುತ್ತದೆ ಎಂದುಕೊಂಡು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ನಾವಿಬ್ಬರೂ ಯಾವುದೋ ಗುಪ್ತ ಕಾರ್ಯಾಚರಣೆಯಲ್ಲಿದ್ದೇವೆ ಎಂಬ ಖುಷಿಯೂ ಇತ್ತು.

ಅದೇ ವಾರ ನಮ್ಮ ಎನ್‌ಸಿಸಿ ಫೈರಿಂಗ್ ಇತ್ತು. ಪಾಯಿಂಟ್ ಟೂ-ಟೂ ರೈಫಲ್, 25 ಮೀಟರ್, ಅಂಗಾತ ಅಲ್ಲ, ಬೋರಲು ಮಲಗಿ ಐದು ಗುಂಡು. ನನ್ನ ಐದರಲ್ಲಿ ಎರಡು ಹಾಳೆಗೇ ತಾಗಲಿಲ್ಲ. ಅವು ಎಲ್ಲಿ ಹೋದವು ಎಂದು ಕೇಳಿದೆ. ಕಲಿಸುವವರು ಹಿಂದಿನ ಮಣ್ಣಿನ ದಿಬ್ಬ ತೋರಿಸಿದರು. ಗುರಿ ತಪ್ಪಿದ ಗುಂಡನ್ನು ಹಿಡಿಯಲೆಂದೇ ಅದನ್ನು ಕಟ್ಟಿರುತ್ತಾರೆ. ದಿಬ್ಬವಿಲ್ಲದ ಕಡೆ ಫೈರಿಂಗ್ ಇಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಬ್ಯಾಂಕೇ ಕಣ್ಣ ಮುಂದೆ. ತಿಂಗಳ ಮೊದಲ ವಾರ, ಪಿಂಚಣಿಗೆ ಬಂದ ಮುದುಕಿಯರು ಬಾಗಿಲಿನಿಂದ ಕೌಂಟರಿನವರೆಗೆ ಕುಳಿತಿರುತ್ತಾರೆ. ಅಲ್ಲಿ ಮಣ್ಣಿನ ದಿಬ್ಬ ಎಲ್ಲಿದೆ?

ರಾತ್ರಿ ಮಾಮಾ "ಓದು" ಎಂದರು. ನಾನು ಓದಲಿಲ್ಲ. "ಮಾಮಾ, ಬ್ಯಾಂಕಿನ್ಯಾಗ ನಿಮ್ಮ ಗುಂಡು ತಪ್ಪಿದರ ಅದರ ಹಿಂದ ಏನೈತಿ?" ಎಂದು ಕೇಳಿದೆ. ಧ್ವನಿ ನಡುಗುತ್ತಿತ್ತು. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮಾಮಾ ಏನೂ ಹೇಳಲಿಲ್ಲ. ಟಿವಿ ಹಚ್ಚಲೂ ಇಲ್ಲ. ಚಾದರ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದರು. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು.

ಐದನೆಯ ದಿನ ಬೆಳಿಗ್ಗೆ "ನಡಿ" ಎಂದರು. ಆಸ್ಪತ್ರೆಗೆ ಜೊತೆಗೆ ಹೋದೆ. ಎಡಗಣ್ಣು ಮುಚ್ಚಿಸಿ ಡಾಕ್ಟರಮ್ಮ ಪಟ್ಟಿಯ ಮೇಲಿನ ದೊಡ್ಡ ಅಕ್ಷರಕ್ಕೆ ಕಡ್ಡಿ ಇಟ್ಟರು. ಮಾಮಾ ಸೆಲ್ಯೂಟ್ ಹೊಡೆಯುವವರಂತೆ ನೆಟ್ಟಗೆ ಕುಳಿತು, "ಕಾಣೂದಿಲ್ರಿ" ಎಂದರು. ಎರಡನೇ ಸಾಲಿಗೂ "ಕಾಣೂದಿಲ್ರಿ". ಮೂರನೆಯದನ್ನು ಅವರು ಕೇಳಲಿಲ್ಲ.

ಹೊರಗೆ ಬರುವಾಗ ನಾನು ಪಟ್ಟಿ ನೋಡಿದೆ. ಅದು ಕನ್ನಡ ಅಕ್ಷರಗಳ ಪಟ್ಟಿ! ಇ, ಎಫ್, ಪಿ ಒಂದೂ ಇರಲಿಲ್ಲ. ಮೆಟ್ಟಿಲ ಮೇಲೆ ಹೇಳಿದಾಗ ಮಾಮಾ ನಿಂತುಬಿಟ್ಟರು. ಆಮೇಲೆ ಕಂಬ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅವರು ಹೆದರಿದಂತೆಯೇ ಬ್ಯಾಂಕಿನ ಬಾಗಿಲಲ್ಲಿ ಈಗ ಬೇರೆ ಒಬ್ಬರು ನಿಂತಿದ್ದಾರೆ. ಅವರೂ ಮಾಜಿ ಸೈನಿಕರೇ, ವಯಸ್ಸು ಕಡಿಮೆ. ಮಾಮಾನಿಗೆ ಮತ್ತೆ ಕರೆ ಬಂದಿಲ್ಲ. ಅದಕ್ಕೆ ನಾನೇ ಕಾರಣ ಎಂದು ಕೆಲವು ರಾತ್ರಿ ಅನ್ನಿಸುತ್ತದೆ. ಓದುತ್ತಲೇ ಇದ್ದಿದ್ದರೆ? ಆ ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಪಿಂಚಣಿಯ ಮುದುಕಿಯರು ಕಣ್ಣ ಮುಂದೆ ಬಂದು ಕೂರುತ್ತಾರೆ.

ಈದ್ ರಜೆಯಲ್ಲಿ ರಾಮದುರ್ಗಕ್ಕೆ ಹೋಗಿದ್ದೆವು. ಮಾಮಾ ಬಸ್‌ಸ್ಟ್ಯಾಂಡಿಗೆ ಬಂದಿದ್ದರು, ನಮ್ಮ ಬಸ್ಸು ತಿರುಗುವಾಗಲೇ ದೂರದಿಂದ ಬೋರ್ಡು ಓದಿ ಕೈ ಎತ್ತಿದರು. ಮಧ್ಯಾಹ್ನ ತಮ್ಮನ ಮೊಬೈಲಿನಲ್ಲಿ ಎಂಟನೇ ಭಾಗ ಹಚ್ಚಿದೆವು. ಕೊಲೆಯ ಆರೋಪ ಹೊತ್ತ ಮಗ, ಕಾಡಿನಲ್ಲಿ ಒಬ್ಬನೇ ಇರುವ ಮುದಿ ಅಪ್ಪನನ್ನು ಹುಡುಕಿಕೊಂಡು ಹೋಗುತ್ತಾನೆ. ಬಿಳಿ ಗಡ್ಡದ ಬೆಕೆಟ್ ರೈಫಲ್ ಎತ್ತಿ ಕಣ್ಣು ಕಿರಿದು ಮಾಡಿದ.

ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದ ಮಾಮಾ ಮುಂದಕ್ಕೆ ಬಾಗಿದರು. "ನಿಲ್ಲಿಸು" ಎಂದರು. ತಮ್ಮ ನಿಲ್ಲಿಸಿದ.

"ಈ ಮುದುಕನ ಕಣ್ಣು ಯಾರರೆ ಪರೀಕ್ಷೆ ಮಾಡ್ಯಾರೇನು, ಕೇಳು ಮೊದಲ."