ಹಾರ್ಬರ್ ಲೈನಿನ ಮರುಭೂಮಿ

ಮುಂಬಯಿಯಲ್ಲಿ ಮರುಭೂಮಿ ನೋಡಬೇಕೇ? ಹಾರ್ಬರ್ ಲೈನಿನ ಪನ್ವೇಲ್ ಲೋಕಲ್ ಹತ್ತಿ ಖಾರ್ಘರ್‌ನಲ್ಲಿ ಇಳಿಯಿರಿ. ತಿಂಗಳು ಮಾತ್ರ ಮೇ ಆಗಿರಬೇಕು. ಜೂನ್ ಅರ್ಧ ಕಳೆದ ಮೇಲೆ ಹೋದಿರೋ, ನನ್ನ ಮಾತನ್ನು ನೀವು ನಂಬುವುದೇ ಇಲ್ಲ. ಆಗ ಪಾಂಡವಕಡಾ ಜಲಪಾತ ಧುಮ್ಮಿಕ್ಕುತ್ತಿರುತ್ತದೆ, ಗುಡ್ಡಗಳ ತಲೆಯ ಮೇಲೆ ಮೋಡ ಕೂತಿರುತ್ತದೆ, ಕಾಲಿಟ್ಟಲ್ಲೆಲ್ಲ ಹಸಿರು. ಮೇ ತಿಂಗಳಲ್ಲಿ ಅದೇ ಗುಡ್ಡಗಳು ಸುಟ್ಟ ಕಂದು ಬಣ್ಣಕ್ಕೆ ತಿರುಗಿ, ಕರಿಗಲ್ಲಿನ ಪಕ್ಕೆಲುಬು ತೋರಿಸುತ್ತಾ ಮಲಗಿರುತ್ತವೆ. ಅವುಗಳ ಬುಡದಲ್ಲಿ ಸರ್ಕಾರಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋದವರು ಮಾಡಿಸಿದ ಗಾಲ್ಫ್ ಮೈದಾನವಿದೆ, ಖಾರ್ಘರ್ ವ್ಯಾಲಿ ಗಾಲ್ಫ್ ಕೋರ್ಸ್. ಊರಲ್ಲಿ ಇದರ ಹೆಸರು ಹೇಳುವವರು ಕಡಿಮೆ. ಹೇಳಬೇಕು ಅಂತಲೇ ನಾನಿವತ್ತು ಕೂತದ್ದು.

ಮುಂಬಯಿಯ ಗಾಲ್ಫ್ ಅಂದರೆ ಜನರ ಬಾಯಿಗೆ ಬರುವ ಹೆಸರುಗಳೇ ಬೇರೆ. ಒಂದು ವಿಲಿಂಗ್ಡನ್ ಕ್ಲಬ್, ಒಂದು ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ, ಮತ್ತೊಂದು ಕೊಲಾಬಾದ ತುದಿಯಲ್ಲಿ ಸಮುದ್ರದ ಗಾಳಿಗೆ ಒಡ್ಡಿಕೊಂಡಿರುವ ಯು.ಎಸ್. ಕ್ಲಬ್. ವಿಲಿಂಗ್ಡನ್ನಿನ ಕತೆ ನಿಮಗೆ ಗೊತ್ತಿರಬಹುದು. ಬಿಳಿಯರ ಕ್ಲಬ್ಬುಗಳಲ್ಲಿ ಭಾರತೀಯರಿಗೆ ಬಾಗಿಲು ಮುಚ್ಚಿದ್ದ ಕಾಲ. ಗವರ್ನರ್ ಆಗಿದ್ದ ಲಾರ್ಡ್ ವಿಲಿಂಗ್ಡನ್ ಇಬ್ಬರಿಗೂ ತೆರೆದಿರುವ ಕ್ಲಬ್ ಕಟ್ಟಿಸಿದ, 1918ರ ಸುಮಾರಿಗೆ. ಒಳ್ಳೆಯ ಕೆಲಸವೇ. ಆದರೆ ಇವೆಲ್ಲಕ್ಕೂ ಸದಸ್ಯತ್ವ ಬೇಕು, ಇಲ್ಲವೇ ಸದಸ್ಯರ ಸ್ನೇಹ ಬೇಕು. ಖಾರ್ಘರ್‌ನಲ್ಲಿ ಯಾರು ಬೇಕಾದರೂ ಬಂದು ದುಡ್ಡು ಕಟ್ಟಿ ಆಡಬಹುದು. ಹಾಗಿದ್ದೂ "ಅಯ್ಯೋ, ಅಷ್ಟು ದೂರ ಯಾರು ಹೋಗ್ತಾರೆ" ಅನ್ನುತ್ತಾರೆ. ದಿನಾ ಡೊಂಬಿವಲಿಯಿಂದ ಚರ್ಚ್‌ಗೇಟಿಗೆ ಹೋಗಿ ಬರುವ ಊರಲ್ಲಿ ದೂರದ ಮಾತೇ?

ನಮ್ಮ ಗುಂಪಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹೋಟೆಲನ್ನು ಮಕ್ಕಳಿಗೆ ಒಪ್ಪಿಸಿದ ಶೆಟ್ರು, ಬ್ಯಾಂಕಿನಿಂದ ನಿವೃತ್ತರಾದ ರಾಯರು, ಮುಲುಂಡಿನ ಡಾಕ್ಟರಮ್ಮ, ನಾನು, ಆಮೇಲೆ ಯಾವಾಗ ಯಾರು ಸಿಕ್ಕಿದರೆ ಅವರು. ಇವರಿಗೆಲ್ಲ ಗಾಲ್ಫಿನ ಹುಚ್ಚು ಹಿಡಿಸಿದವರು ಶೆಟ್ರು. ಶೆಟ್ರಿಗೆ ಹಿಡಿಸಿದವರು ಯಾರು? ಅವರ ಹೋಟೆಲಿದ್ದದ್ದು ಚೆಂಬೂರಿನಲ್ಲಿ. ಅಲ್ಲಿನ ಗಾಲ್ಫ್ ಕ್ಲಬ್ಬು 1927ರದು. ಆಟಗಾರರ ಬ್ಯಾಗು ಹೊತ್ತು ಬೆಳಗಿನ ಸುತ್ತು ಮುಗಿಸಿದ ಕ್ಯಾಡಿಗಳು ಇಡ್ಲಿ ತಿಂದು ಕಟಿಂಗ್ ಚಾ ಕುಡಿಯಲು ಬರುತ್ತಿದ್ದರು. ಗಲ್ಲೆಯಲ್ಲಿ ಕೂತ ಶೆಟ್ರ ಕಿವಿಗೆ ದಿನಾ ಅದೇ ಮಾತು: ಯಾವ ಸಾಹೇಬರ ಚೆಂಡು ಬಂಕರಿಗೆ ಬಿತ್ತು, ಯಾರು ಬರ್ಡಿ ಮಾಡಿದರು. ಕೇಳಿ ಕೇಳಿ ಆಟ ಅರ್ಥವಾಯಿತಂತೆ, ಮೈದಾನಕ್ಕೆ ಕಾಲಿಡುವ ಮೊದಲೇ.

ಆ ಕ್ಯಾಡಿಗಳು ತಮ್ಮ ಪಾಡಿಗೆ ಇನ್ನೊಂದು ಗಾಲ್ಫ್ ಆಡುತ್ತಿದ್ದರು. ಕ್ಲಬ್ಬಿನ ಗೋಡೆಯ ಆಚೆ, ಬಸ್ತಿಯ ಗಲ್ಲಿಗಳಲ್ಲಿ. ಈಗ ಅದರ ಮೇಲೆ ವೆಬ್ ಸರಣಿಯೇ ಬಂದಿದೆ, ಹೊರದೇಶದ ಛಾಯಾಗ್ರಾಹಕರು ಬಂದು ಚಿತ್ರ ತೆಗೆದಿದ್ದಾರೆ. ನಾನು ಮೊದಲು ನೋಡಿದ್ದು ಆ ಕೋಲನ್ನು. ಕಟ್ಟಡ ಕಟ್ಟುವಾಗ ಉಳಿದ ಕಬ್ಬಿಣದ ಸರಳು. ಅದರ ತುದಿಯನ್ನು ಕೆಂಪಗೆ ಕಾಯಿಸಿ, ಬಗ್ಗಿಸಿ, ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ್ದರು. ಹಿಡಿಕೆಗೆ ನೀರಿನ ರಬ್ಬರ್ ಪೈಪಿನ ತುಂಡು. ಸರಳಿನ ಮೈಮೇಲಿನ ಏಣುಗಳು ಹಾಗೇ ಇದ್ದವು. ಬಡಿದ ಜಾಗ ಮಾತ್ರ ಚೆಂಡು ತಾಗಿ ತಾಗಿ ಹೊಳೆಯುತ್ತಿತ್ತು. ಚೆಂಡು ಪ್ಲಾಸ್ಟಿಕ್ಕಿನದು, ಇಲ್ಲದಿದ್ದರೆ ಯಾರದಾದರೂ ಕಿಟಕಿ ಹೋದೀತು. ಎರಡು ಮನೆಗಳ ನಡುವಿನ ಮೊಳದಗಲದ ಸಂದಿಯಲ್ಲಿ, ಮೋರಿ ದಾಟಿಸಿ, ತಗಡಿನ ಮಾಡಿನ ಮೇಲಿಂದ ಎತ್ತಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕುಳಿಗೆ ಚೆಂಡನ್ನು ತರಬೇಕು. ಇದಕ್ಕಿಂತ ಕಷ್ಟದ ಮೈದಾನ ಎಲ್ಲಿದೆ ಹೇಳಿ! ಇಲ್ಲಿ ಕೈ ಪಳಗಿದವನಿಗೆ ಮತ್ತೆ ಜಗತ್ತಿನ ಯಾವ ಬಂಕರಿನ ಭಯ?

ಈ ಸರಳಿನ ಮಾತು ಬಂದಾಗೆಲ್ಲ ರಾಯರು ಚಂದ್ರನಿಗೆ ಹೋಗುತ್ತಾರೆ. ನೀವು ನಗಬೇಡಿ, ಅವರು ಹೇಳುವುದು ನಿಜ. 1971ರಲ್ಲಿ ಅಪೊಲೊ 14ರಲ್ಲಿ ಹೋದ ಅಲನ್ ಶೆಪರ್ಡ್, ಮಣ್ಣಿನ ಮಾದರಿ ಎತ್ತುವ ಸಲಕರಣೆಯ ಹಿಡಿಕೆಗೆ ಆರನೇ ನಂಬರಿನ ಐರನ್ನಿನ ತಲೆ ಸಿಕ್ಕಿಸಿ, ದಪ್ಪ ಉಡುಪಿನಲ್ಲಿ ಎರಡು ಕೈ ಕೂಡದೆ ಒಂದೇ ಕೈಯಲ್ಲಿ ಚೆಂಡು ಹೊಡೆದ. ಎರಡು ಚೆಂಡು ಇವತ್ತಿಗೂ ಅಲ್ಲೇ ಬಿದ್ದಿವೆ. ಒಂದು ಹುಲ್ಲುಕಡ್ಡಿಯಿಲ್ಲ, ಗಾಳಿಯಿಲ್ಲ, ಕಣ್ಣು ಹಾಯುವಷ್ಟೂ ಬೂದಿ ಬಣ್ಣದ ಮಣ್ಣು. ಅದಕ್ಕಿಂತ ದೊಡ್ಡ ಮರುಭೂಮಿ ಗಾಲ್ಫ್ ಇನ್ನೊಂದಿಲ್ಲ. "ಚಂದ್ರನ ಮೇಲಿನ ಬ್ಯಾಟು, ಚೆಂಬೂರಿನ ಬ್ಯಾಟು, ಎರಡೂ ಒಂದೇ ಜಾತಿ ಮಾರಾಯ್ರೆ" ಎನ್ನುತ್ತಾರೆ ರಾಯರು. ಬ್ಯಾಟಲ್ಲ, ಕ್ಲಬ್ ಎಂದು ಡಾಕ್ಟರಮ್ಮ ಪ್ರತಿಸಲ ತಿದ್ದುತ್ತಾರೆ. ರಾಯರು ಪ್ರತಿಸಲ ತಲೆಯಾಡಿಸುತ್ತಾರೆ.

ಎಲ್ಲಿದ್ದೆ? ಹಾಂ, ಖಾರ್ಘರ್.

ಭಾನುವಾರದ ಮೊದಲ ಗಾಡಿಗಳಲ್ಲಿ ಜನ ಕಡಿಮೆ, ಗಾಲ್ಫ್ ಬ್ಯಾಗು ನಿಲ್ಲಿಸಲು ಬಾಗಿಲ ಬಳಿ ಜಾಗ ಸಿಗುತ್ತದೆ. ಮೇ ತಿಂಗಳ ಅಂಥದೊಂದು ಭಾನುವಾರ ಕುರ್ಲಾದಲ್ಲಿ ಡಾಕ್ಟರಮ್ಮ, ಚೆಂಬೂರಿನಲ್ಲಿ ಶೆಟ್ರು ಹತ್ತಿದರು. ಶೆಟ್ರ ಕೈಯಲ್ಲಿ ಬನ್ಸ್ ಮತ್ತು ಕಾಯಿಚಟ್ನಿಯ ಡಬ್ಬಿ, ಜೊತೆಗೆ ಅವರ ಹಳೆಯ ಗಿರಾಕಿಯಾದ ಒಬ್ಬ ಕ್ಯಾಡಿ. ವಯಸ್ಸಾದವನು, ಈಗ ಕೆಲಸ ಬಿಟ್ಟಿದ್ದಾನೆ, ನಮ್ಮ ಗುಂಪಿಗೆ ಗುರುವಿನಂತೆ ಬರುತ್ತಾನೆ. ಮಾನ್‌ಖುರ್ದ್ ದಾಟಿ ವಾಶಿಯ ಖಾಡಿಯ ಮೇಲೆ ಗಾಡಿ ಹೊರಟಾಗ ಡಬ್ಬಿ ತೆರೆಯುವುದು ನಮ್ಮ ಪದ್ಧತಿ. ಯಾಕೆ ಅಲ್ಲಿಯೇ ಎಂದು ಕೇಳಿದರೆ ಗೊತ್ತಿಲ್ಲ, ನೀರು ಕಂಡರೆ ಹಸಿವಾಗುತ್ತದೆ.

ನಾವು ಆಡುವುದು ಸ್ಕ್ರ್ಯಾಂಬಲ್. ತಂಡದ ಎಲ್ಲರೂ ಹೊಡೆಯುತ್ತಾರೆ, ಯಾರ ಚೆಂಡು ಒಳ್ಳೆಯ ಜಾಗದಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಎಲ್ಲರ ಮುಂದಿನ ಹೊಡೆತ. ಕೈ ಪಳಗಿದವರು, ಪಳಗದವರು ಕೂಡಿ ಹೋಗುವ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಯಾರಿಗೂ ಬೇಜಾರಿಲ್ಲ, ಎಲ್ಲರಿಗೂ ಒಂದಲ್ಲ ಒಂದು ಹೋಲ್‌ನಲ್ಲಿ ಮೆರೆಯುವ ಅವಕಾಶ. ಅವತ್ತು ಡಾಕ್ಟರಮ್ಮನ ಡ್ರೈವ್ ಚೆನ್ನಾಗಿಯೇ ಹೋಯಿತು. ಆದರೆ ಮೇ ತಿಂಗಳ ನೆಲ! ಫೇರ್‌ವೇಯ ಅಂಚು ದಾಟಿದರೆ ಹುಲ್ಲು ಒಣಗಿ ನೆಲಕ್ಕೆ ಅಂಟಿದೆ, ಅದರಡಿಯಲ್ಲಿ ಗಟ್ಟಿ ಮುರಕಲು, ಅಲ್ಲಲ್ಲಿ ಕರಿಗಲ್ಲು. ಚೆಂಡು ಕಾದ ಕಾವಲಿಗೆ ಬಿದ್ದ ನೀರಹನಿಯಂತೆ ಚಂಗನೆ ಹಾರಿ, ಯಾರೂ ಎಣಿಸದ ದಿಕ್ಕಿಗೆ ಓಡಿ, ಒಣ ಝರಿಯ ಉರುಟು ಕಲ್ಲುಗಳ ನಡುವೆ ನಿಂತಿತು. ಗ್ರೀನ್ ಎದುರಿಗೇ ಇದೆ, ತುಸು ಏರು. ರಾಯರು ವೆಜ್ ಕೈಗೆತ್ತಿಕೊಂಡರು, ಎತ್ತರಕ್ಕೆ ಹಾರಿಸೋಣ ಎಂದು.

ಮುದುಕ ಬಗ್ಗಿ ನೆಲವನ್ನು ಅಂಗೈಯಲ್ಲಿ ಒತ್ತಿ ನೋಡಿದ. ಎದ್ದು, "ಹವೇತ್ ನಕೋ ಸಾಹೇಬ್, ಜಮಿನೀವರೂನ್ ಮಾರಾ" ಎಂದ. ಗಾಳಿಯಲ್ಲಿ ಬೇಡ, ನೆಲದ ಮೇಲೆಯೇ ಹೊಡೆಯಿರಿ. ರಾಯರು ವೆಜ್ ಕೆಳಗಿಟ್ಟು ಏಳನೇ ನಂಬರಿನ ಐರನ್ ಹಿಡಿದು, ಪಟ್ಟರ್ ಆಡಿಸುವ ಹಾಗೆ ಮೆಲ್ಲಗೆ ತಳ್ಳಿದರು. ಚೆಂಡು ಕಲ್ಲುಗಳ ನಡುವಿನ ಸಂದಿ ಹುಡುಕಿಕೊಂಡು ಹೊರಬಿತ್ತು, ಏರು ಹತ್ತುವಾಗ ಸುಸ್ತಾಯಿತು, ಗ್ರೀನಿನ ಅಂಚಿನಲ್ಲಿ ಇನ್ನೊಂದು ಸುತ್ತು ಉರುಳಿ ನಿಂತಿತು. ಶೆಟ್ರು ಬೊಬ್ಬೆ ಹಾಕಿದ್ದು ಉತ್ಸವ್ ಚೌಕಿಗೆ ಕೇಳಿರಬೇಕು. ನನ್ನ ಪ್ರಕಾರ ಈ ಮೈದಾನದ ದೊಡ್ಡ ಗುಣ ಇದೇ. ಹಸಿರು ಹುಲ್ಲು ತಪ್ಪು ಹೊಡೆತವನ್ನೂ ಹಿಡಿದು ನಿಲ್ಲಿಸುತ್ತದೆ. ಒಣ ನೆಲ ಅದಕ್ಕೆ ಒಪ್ಪುವುದಿಲ್ಲ. ಚೆಂಡು ಬಿದ್ದ ಮೇಲೆ ಏನು ಮಾಡೀತು ಎಂದು ಮೊದಲೇ ಯೋಚಿಸಬೇಕು. ಗಲ್ಲಿಯಲ್ಲಿ ಬೆಳೆದ ಆ ಮುದುಕನಿಗೆ ಅದು ಅಂಗೈಯಲ್ಲೇ ಇದೆ.

ಕ್ಯಾಡಿಗಳ ಕೈಗುಣಕ್ಕೆ ಸಾಕ್ಷಿ ಬೇಕೇ? ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ. ನಮ್ಮ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಅದನ್ನೇ ಗೆದ್ದರು. ಆದರೆ ಡಾಕ್ಟರಮ್ಮನಿಗೆ ಇನ್ನೂ ಹತ್ತಿರದ ಹೆಸರು ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್‌ನ ಆ ಶನಿವಾರ, 2021ರ ಆಗಸ್ಟ್ 7, ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದದ್ದು ಎಲ್ಲರಿಗೂ ನೆನಪಿದೆ. ಅದೇ ದಿನ ಬೆಳಗಿನ ಜಾವದಿಂದ ಅದಿತಿ ಪದಕಕ್ಕಾಗಿ ಆಡುತ್ತಿದ್ದಳು, ಬ್ಯಾಗು ಹೊತ್ತಿದ್ದವರು ಅವಳ ಅಮ್ಮ. ಒಂದೇ ಹೊಡೆತದ ಅಂತರದಲ್ಲಿ ನಾಲ್ಕನೆಯವಳಾದಳು. ಅಮ್ಮ ಕ್ಯಾಡಿ, ಮಗಳು ಆಟಗಾರ್ತಿ: ಇದನ್ನು ಹೇಳುವಾಗ ಡಾಕ್ಟರಮ್ಮನ ದನಿ ಈಗಲೂ ತುಂಬಿ ಬರುತ್ತದೆ.

ಮಧ್ಯಾಹ್ನದ ಬಿಸಿಲೇರುವ ಮೊದಲೇ ಆಟ ಮುಗಿಸಿ ನೆರಳಿಗೆ ಬಂದೆವು. ಬಿಸಿಲಿನ ವಿಷಯಕ್ಕೆ ಆಸ್ಟ್ರೇಲಿಯಾದ ಕೂಬರ್ ಪೆಡಿಯವರು ಜಾಣರು. ಓಪಲ್ ಗಣಿಗಳ ಆ ಊರಿನ ಗಾಲ್ಫ್ ಮೈದಾನದಲ್ಲಿ ಹುಲ್ಲೇ ಇಲ್ಲ, ಚೆಂಡಿಡಲು ಹುಲ್ಲಿನ ತುಂಡೊಂದನ್ನು ಆಟಗಾರರೇ ಹೊತ್ತು ತಿರುಗುತ್ತಾರೆ, ಸೆಕೆಗೆ ಹೆದರಿ ರಾತ್ರಿ ಮಿನುಗುವ ಚೆಂಡಿನಲ್ಲೂ ಆಡುತ್ತಾರೆ. ಅದಕ್ಕೆ ಆಸ್ಟ್ರೇಲಿಯಾಕ್ಕೇ ಹೋಗಬೇಕೇ ಎಂದು ರಾಯರು ತಮ್ಮ ಬ್ಯಾಂಕಿನ ದಿನಗಳ ಕೆ.ಜಿ.ಎಫ್. ತೆಗೆದರು. ಚಿನ್ನದ ಗಣಿಯ ದೊರೆಗಳು ಬಿಟ್ಟುಹೋದ ಗಾಲ್ಫ್ ಮೈದಾನ ಅಲ್ಲಿದೆ. ಮಳೆ ಕಡಿಮೆ, ಹುಲ್ಲಿಗೆ ನೀರೆಲ್ಲಿಂದ ತರುವುದು? ಗ್ರೀನಿನ ಬದಲು ಮರಳು ಹಾಸಿ ಮಾಡಿದ ಬ್ರೌನ್. ಪಟ್ ಮಾಡುವ ಮೊದಲು ಮರಳನ್ನು ಎಳೆದು ಸಮ ಮಾಡಬೇಕು, ಹಿಂದಿನವರ ಹೆಜ್ಜೆ ಅಳಿಸಬೇಕು. ಸುತ್ತ ಗಣಿಯ ಸಯನೈಡ್ ಮಣ್ಣಿನ ದಿಬ್ಬಗಳು. ಗಣಿ 2001ರಲ್ಲಿ ಮುಚ್ಚಿತು.

"ಅಲ್ಲಿಗೇ ಹೋಗುವ" ಎಂದರು ಶೆಟ್ರು, ಬನ್ಸಿನ ಕೊನೆಯ ತುಂಡನ್ನು ಮುದುಕನ ಕೈಗಿಡುತ್ತಾ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಬಂಗಾರಪೇಟೆ, ಅಲ್ಲಿಂದ ಮಾರಿಕುಪ್ಪಂ ಕಡೆಯ ಗಾಡಿ. ಗಾಲ್ಫ್ ಬ್ಯಾಗನ್ನು ಸ್ಲೀಪರ್ ಬರ್ತಿನ ಕೆಳಗೆ ತೂರಿಸಬಹುದೋ ಇಲ್ಲವೋ ಎಂದು ಚರ್ಚೆ ಶುರುವಾಯಿತು. ಮುದುಕನಿಗೆ ಕನ್ನಡ ಬಾರದು, ನಾವು ಹೇಳಿದ್ದನ್ನು ಶೆಟ್ರು ಮರಾಠಿಯಲ್ಲಿ ವಿವರಿಸಿದರು. ಅವನು ಕೇಳಿದ್ದು ಒಂದೇ ಪ್ರಶ್ನೆ, ಆ ಮರಳು ದಪ್ಪವೋ ನುಣುಪೋ ಎಂದು. ರಾಯರಿಗೆ ನೆನಪಾಗಲಿಲ್ಲ. ಕೋಲಾರದಲ್ಲಿರುವ ತಮ್ಮ ಹಳೆಯ ಸಹೋದ್ಯೋಗಿಗೆ ಅಲ್ಲಿಂದಲೇ ಫೋನು ಹಚ್ಚಿದರು.