ಉರ್ವದ ಅಕ್ಕಿ, ಉತ್ತರದ ಗೋಧಿ

ಮಂಗಳೂರಿಗೆ ಹೊಸಬರಾದವರು ಸಿಟಿ ಬಸ್ಸು ಹತ್ತಿ 'ಒಂದು ಉರ್ವ' ಎಂದರೆ ಕಂಡಕ್ಟರನಿಗೆ ಸಾಲದು. 'ಉರ್ವ ಮಾರ್ಕೆಟ್ಟಾ, ಉರ್ವ ಸ್ಟೋರಾ?' ಎಂಬ ಮರುಪ್ರಶ್ನೆ ಬರುತ್ತದೆ. ಮಣ್ಣಗುಡ್ಡೆ, ಲೇಡಿಹಿಲ್ ಕಡೆಯ ಮಾರ್ಕೆಟ್ಟು ಒಂದು. ಅಲ್ಲಿಂದ ಉತ್ತರಕ್ಕೆ, ಕೊಟ್ಟಾರದ ದಾರಿಯಲ್ಲಿ ಸಿಗುವ, ತುಳು ಭವನವಿರುವ ಸ್ಟೋರು ಇನ್ನೊಂದು. ಮಾರಿಗುಡಿ, ಇಗರ್ಜಿ, ಕೆನರಾ ಹೈಸ್ಕೂಲು ಎಲ್ಲವೂ ಈ ಆಸುಪಾಸಿನಲ್ಲೇ. ಪಶ್ಚಿಮಕ್ಕೆ ಇಳಿದರೆ ಬೋಳೂರು, ಸುಲ್ತಾನ್ ಬತ್ತೇರಿ, ಗುರುಪುರ ಹೊಳೆ. ಹೊಳೆಯಾಚೆ ತಣ್ಣೀರುಬಾವಿ, ಕಡಲು.

ಇಲ್ಲಿ ಊಟವೆಂದರೆ ಅಕ್ಕಿ. ದಿನಸಿ ಅಂಗಡಿಯಲ್ಲಿ ಅಕ್ಕಿ ಕೇಳಿದರೆ 'ಬೆಳ್ತಿಗೆಯಾ, ಕುಚ್ಚಲಾ?' ಎಂದು ಕೇಳಿಯೇ ತೂಗುತ್ತಾರೆ. ಕುಚ್ಚಲಕ್ಕಿ ಗಂಜಿಗೆ, ಊಟಕ್ಕೆ; ಬೆಳ್ತಿಗೆ ನೀರುದೋಸೆಗೆ. ಅದೇ ಅಕ್ಕಿ ಮುಂಡೇವಿನ ಎಲೆಯೊಳಗೆ ಮೂಡೆಯಾಗುತ್ತದೆ, ಹಲಸಿನೆಲೆಯಲ್ಲಿ ಕೊಟ್ಟೆ ಕಡುಬಾಗುತ್ತದೆ, ಕೆಸುವಿನೆಲೆಗೆ ಸವರಿದರೆ ಪತ್ರೊಡೆ. ಕೋರಿ ರೊಟ್ಟಿಯ ಗರಿಗರಿ ರೊಟ್ಟಿಯೂ ಅಕ್ಕಿಯದೇ. ಕ್ರೈಸ್ತರ ಮನೆಗಳಲ್ಲಿ ಶೇಂದಿ ಹಾಕಿ ಹುದುಗಿಸುವ ಸಾನ್ನವೂ ಅಷ್ಟೆ. ಗೋಧಿಯ ಸೋಂಕೇ ಇಲ್ಲದೆ ಹಬ್ಬ ಮಾಡಬಲ್ಲ ಊರು ಇದು.

ಹಾಗೆಂದು ಗೋಧಿ ಬಂದೇ ಇಲ್ಲವೆಂದಲ್ಲ. ಸಜ್ಜಿಗೆ–ಬಜಿಲಿನಲ್ಲಿ ಬಜಿಲು ಅಕ್ಕಿಯ ಅವಲಕ್ಕಿ, ಸಜ್ಜಿಗೆ ಗೋಧಿಯ ರವೆ; ಒಂದೇ ತಟ್ಟೆಯಲ್ಲಿ ದಕ್ಷಿಣ, ಉತ್ತರ ಎರಡೂ. ಸಂಜೆಯ ಗೋಳಿಬಜೆ ಮೈದಾದ್ದು, ಮಂಗಳೂರಿನ ಹೆಸರು ಹೊತ್ತ ಬನ್ಸೂ ಮೈದಾದ್ದು. ಕಾಣೆ ಮೀನಿಗೆ ಹಚ್ಚುವ ರವೆಯೂ ಗೋಧಿಯದೇ. ಈಗಿನ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ನೂಡಲ್ಸ್, ಗೋಬಿ ಮಂಚೂರಿ. ರಾತ್ರಿಗೆ ಚಪಾತಿ ಅಥವಾ ಪರೋಟ. ಅಜ್ಜಿಯ ಕಾಲದಲ್ಲಿ ವಾರಕ್ಕೊಮ್ಮೆ ಕಂಡರೆ ಕಂಡ ಧಾನ್ಯ ಮೊಮ್ಮಕ್ಕಳ ಹೊಟ್ಟೆಗೆ ದಿನಕ್ಕೆರಡು ಸಲ ಇಳಿಯುತ್ತಿದೆ. 'ಗ್ಲುಟೆನ್ ಆಗುವುದಿಲ್ಲ' ಎಂಬ ಮಾತು ಈ ಅಕ್ಕಿಯ ಸೀಮೆಗೂ ಬಂದು ತಲುಪಿದ್ದು ಅದರ ಬೆನ್ನಿಗೇ.

ಗ್ಲುಟೆನ್ ಎಂದರೆ ಗೋಧಿ ಹಿಟ್ಟು ನಾದಿದಾಗ ಬರುವ ಅಂಟು. ಪರೋಟವನ್ನು ಎಳೆದೆಳೆದು ಬೀಸಲು ಬರುವುದು ಅದರಿಂದ. ಇದರ ಬಂಧುಗಳು ಬಾರ್ಲಿ, ರೈ ಧಾನ್ಯಗಳಲ್ಲೂ ಉಂಟು. ಕೆಲವರ ಕರುಳು ಇದನ್ನು ಶತ್ರುವೆಂದು ತಿಳಿದು ತನ್ನ ಮೇಲೆಯೇ ಯುದ್ಧ ಹೂಡುತ್ತದೆ. ಆಹಾರ ಹೀರುವ ಒಳಪದರ ಸವೆದು ಹೋಗುತ್ತದೆ. ಇದು ಸೀಲಿಯಾಕ್ ರೋಗ. ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ಡಾ. ವಿಲೆಮ್ ಕರೆಲ್ ಡಿಕೆ. ಅವರಿಗೆ ಮೊದಲೇ ಅನುಮಾನವಿತ್ತು. ಎರಡನೆಯ ಮಹಾಯುದ್ಧದಲ್ಲಿ, 1944–45ರ ಹಸಿವಿನ ಚಳಿಗಾಲದಲ್ಲಿ ಅಲ್ಲಿ ರೊಟ್ಟಿಯೇ ಇಲ್ಲವಾಯಿತು. ಊರೆಲ್ಲ ಸೊರಗುತ್ತಿದ್ದಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡರು. ರೊಟ್ಟಿ ಮರಳಿದಾಗ ಮತ್ತೆ ಕಾಯಿಲೆ ಬಿದ್ದರು. ಡಿಕೆಯವರ ಪ್ರಬಂಧ ಹೊರಬಂದದ್ದು 1950ರಲ್ಲಿ. ಈ ಇಸವಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ದೇಶದ ಮಾತು. ಡಾ. ಬಿ. ಎಸ್. ರಾಮಕೃಷ್ಣ, ಡಾ. ಗೋವಿಂದ ಮಖಾರಿಯಾ ಮೊದಲಾದವರು ಉತ್ತರ, ಈಶಾನ್ಯ, ದಕ್ಷಿಣ ಭಾರತಗಳ 23,331 ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ರೋಗದ ಸೂಚಕ ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿ, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ದಕ್ಷಿಣದವರ ರಕ್ತವೇ ಬೇರೆಯೋ ಎಂದರೆ, ಅಲ್ಲ. ಈ ರೋಗಕ್ಕೆ ಬಾಗಿಲು ತೆರೆಯುವ ಎರಡು ವಂಶವಾಹಿ ಗುರುತುಗಳಲ್ಲಿ ಒಂದಾದರೂ ಇದ್ದವರು ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ 36. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದದ್ದು 25 ಗ್ರಾಂ.

ಬಾಗಿಲು ಇಲ್ಲೂ ಇದೆ. ಬಡಿಯುವವರು ಕಡಿಮೆ ಇದ್ದರು, ಅಷ್ಟೆ. ಆದರೆ ಈಶಾನ್ಯದ ಲೆಕ್ಕ ಇಷ್ಟು ಸಲೀಸಾಗಿ ಕೂಡುವುದಿಲ್ಲ. ಅವರೂ ಅನ್ನ ಉಣ್ಣುವವರೇ, ಗೋಧಿ ದಿನಕ್ಕೆ 37 ಗ್ರಾಂ ಮಾತ್ರ. ಆದರೂ ರೋಗದ ಸೂಚಕ ಉತ್ತರದ ಸಮೀಪಕ್ಕೆ ಬರುತ್ತದೆ. ಬೇರೆ ಏನೋ ಇದೆ ಎಂದಾಯಿತು.

ಆ 'ಬೇರೆ ಏನೋ' ಕರುಳಿನ ಬ್ಯಾಕ್ಟೀರಿಯಾಗಳಿರಬಹುದೆಂದು ಹಲವು ವಿಜ್ಞಾನಿಗಳ ಊಹೆ. ಫಿನ್ಲೆಂಡ್ ಮತ್ತು ಗಡಿಯಾಚೆಗಿನ ರಷ್ಯನ್ ಕರೇಲಿಯಾದ ಮಕ್ಕಳನ್ನು ಹೋಲಿಸಿದ 2008ರ ಅಧ್ಯಯನವನ್ನು ಇದಕ್ಕೆ ಎತ್ತಿ ತೋರಿಸುತ್ತಾರೆ. ಎರಡೂ ಕಡೆ ಹತ್ತಿರದ ವಂಶ, ಎರಡೂ ಕಡೆ ಗೋಧಿ. ಆದರೂ ಫಿನ್ಲೆಂಡಿನಲ್ಲಿ 107 ಮಕ್ಕಳಲ್ಲಿ ಒಬ್ಬರಿಗೆ ರೋಗ. ಕರೇಲಿಯಾದಲ್ಲಿ 496ರಲ್ಲಿ ಒಬ್ಬರಿಗೆ. ಬಡತನ, ಮಣ್ಣು, ಬಾಲ್ಯದ ಸೋಂಕುಗಳು ಕರುಳಿಗೆ ಯಾವ ಪಾಠ ಕಲಿಸುತ್ತವೆಂಬುದು ಇನ್ನೂ ಬಿಡಿಸಬೇಕಾದ ಗಂಟು.

ಕಳೆನಾಶಕ ಈ ಕಥೆಯೊಳಗೆ ಬರುವುದು ಇಲ್ಲಿಯೇ. ಉರ್ವದ ಎಷ್ಟೋ ಮನೆಗಳಿಗೆ ಪುತ್ತೂರು, ಬೆಳ್ತಂಗಡಿ ಕಡೆ ಅಡಿಕೆ ತೋಟದ ನಂಟುಂಟು. ಹುಲ್ಲು ತೆಗೆಯಲು ಆಳು ಸಿಗದೆ ತೋಟಕ್ಕೆ ಗ್ಲೈಫೋಸೇಟ್ ಹೊಡೆಸಿದ ಸುದ್ದಿ ಮನೆಮಾತಿನಲ್ಲಿ ಬಂದು ಹೋಗುತ್ತದೆ. ಈ ಮದ್ದು ಗಿಡದಲ್ಲಿ ಶಿಕಿಮೇಟ್ ಎಂಬ ರಾಸಾಯನಿಕ ದಾರಿಯನ್ನು ಕಟ್ಟುತ್ತದೆ. ಮನುಷ್ಯನ ಜೀವಕೋಶದಲ್ಲಿ ಆ ದಾರಿ ಇಲ್ಲ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಇದೆ. ಇದನ್ನು ಹಿಡಿದು 2013ರಲ್ಲಿ ಅಮೆರಿಕದ ಆಂಥನಿ ಸ್ಯಾಮ್ಸೆಲ್ ಮತ್ತು ಸ್ಟೆಫಾನಿ ಸೆನೆಫ್ ಒಂದು ವಾದ ಮಂಡಿಸಿದರು: ಗೋಧಿಯಲ್ಲಿ ಉಳಿದ ಗ್ಲೈಫೋಸೇಟ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಸೀಲಿಯಾಕ್ ಹೆಚ್ಚಲು ಅದೇ ಕಾರಣ. ಅವರು ರೋಗಿಗಳ ಮೇಲೆ ಪ್ರಯೋಗ ಮಾಡಿದವರಲ್ಲ. ಬೇರೆಯವರ ಬರಹಗಳನ್ನು ಜೋಡಿಸಿ, ಒಟ್ಟೊಟ್ಟಿಗೆ ಏರುವ ಎರಡು ಗೆರೆಗಳನ್ನು ತೋರಿಸಿದರು. ಮಂಗಳೂರಿನಲ್ಲಿ ಬಹುಮಹಡಿ ಕಟ್ಟಡಗಳೂ ಏರಿವೆ, ಕನ್ನಡಕ ಹಾಕುವ ಮಕ್ಕಳೂ ಹೆಚ್ಚಿದ್ದಾರೆ. ಒಂದರಿಂದ ಇನ್ನೊಂದು ಎನ್ನಲಾಗದು.

1950ರ ಇಸವಿ ಈಗ ಬೇಕು. ಗ್ಲೈಫೋಸೇಟ್ ಪೇಟೆಗೆ ಬಂದದ್ದು 1974ರಲ್ಲಿ. ಡಿಕೆಯವರ ಮಕ್ಕಳು ಅದರ ಹೆಸರನ್ನೂ ಕೇಳಿರಲಿಲ್ಲ. ಅಲ್ಲದೆ ಕೊಯ್ಲಿಗೆ ಮುಂಚೆ ಪೈರು ಒಣಗಿಸಲು ಇದನ್ನು ಸಿಂಪಡಿಸುವುದು ಕೆನಡಾ, ಬ್ರಿಟನ್ನಿನಂಥ ತಂಪು ಸೀಮೆಯ ಪದ್ಧತಿ. ಏಪ್ರಿಲಿನ ಬಿಸಿಲಿನಲ್ಲಿ ಕೊಯ್ಯುವ ಪಂಜಾಬಿನ ಗೋಧಿಗೆ ಒಣಗಿಸುವ ಮದ್ದು ಯಾಕೆ?

ಬ್ಯಾಕ್ಟೀರಿಯಾಗಳ ಪ್ರಶ್ನೆ ಮಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ. 2018ರಲ್ಲಿ ಡೆನ್ಮಾರ್ಕಿನವರು ಎರಡು ವಾರ ಇಲಿಗಳಿಗೆ ಗ್ಲೈಫೋಸೇಟ್ ಕೊಟ್ಟು ನೋಡಿದಾಗ ಕರುಳಿನಲ್ಲಿ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಆ ದಾರಿಯಿಂದ ತಯಾರಾಗಬೇಕಾದ ಅಮೈನೋ ಆಮ್ಲಗಳು ತಿಂದ ಆಹಾರದಿಂದಲೇ ಬ್ಯಾಕ್ಟೀರಿಯಾಗಳಿಗೆ ಸಿಕ್ಕಿದ್ದವು. ಅದೇ ವರ್ಷ ಅಮೆರಿಕದ ಟೆಕ್ಸಾಸಿನಲ್ಲಿ ಜೇನುನೊಣಗಳ ಕರುಳಿನಲ್ಲಿ ಬದಲಾವಣೆ ಕಂಡಿತು. ಹೀಗಾಗಿ ಮದ್ದಿಗೆ 'ನಿರಪಾಯ' ಎಂಬ ಸರ್ಟಿಫಿಕೇಟನ್ನು ಯಾರೂ ಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ್ದನ್ನು ಕೊಕ್ಕಡ, ಪಟ್ರಮೆ, ಕಾಸರಗೋಡಿನವರು ಮರೆತಿಲ್ಲ. ಅದು ಕೀಟನಾಶಕ, 2011ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಗ್ಲೈಫೋಸೇಟನ್ನು ಪರವಾನಗಿಯುಳ್ಳ ಕೀಟ ನಿಯಂತ್ರಕರೇ ಸಿಂಪಡಿಸಬೇಕೆಂದು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ತೋಟದಲ್ಲಿ ಪಂಪು ಬೆನ್ನಿಗೇರಿಸುವವನ ಶ್ವಾಸದ ಚಿಂತೆ ನಿಜವಾದ ಚಿಂತೆಯೇ. ಸೀಲಿಯಾಕಿಗೆ ಅದನ್ನು ತಳುಕು ಹಾಕಿದರೆ ಎರಡೂ ಕಡೆ ನಷ್ಟ.

ನಷ್ಟ ಹೇಗೆಂದರೆ: ಮಗು ಎತ್ತರವಾಗುವುದಿಲ್ಲ, ಹೊಟ್ಟೆ ಉಬ್ಬರ, ಪದೇ ಪದೇ ಭೇದಿ, ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಇಳಿಯುವುದಿಲ್ಲ. ಯಾರದೋ ಮಾತು ಕೇಳಿ ತಾಯಿ ಚಪಾತಿ ನಿಲ್ಲಿಸುತ್ತಾರೆ. ಹೊಟ್ಟೆ ತುಸು ಹಗುರಾಗುತ್ತದೆ. ಆಮೇಲೆ ಆಸ್ಪತ್ರೆಗೆ ಹೋದರೆ ರಕ್ತಪರೀಕ್ಷೆಯಲ್ಲಿ ಏನೂ ಕಾಣದಿರಬಹುದು, ಏಕೆಂದರೆ ಗೋಧಿ ತಿನ್ನುತ್ತಿದ್ದಾಗಲೇ ಆ ಪರೀಕ್ಷೆ ಸರಿಯಾಗಿ ಹೇಳುವುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಗೋಧಿ ತಿಂದು ಹೊಟ್ಟೆ ಕೆಡುವವರಿಗೆಲ್ಲ ಸೀಲಿಯಾಕ್ ಇರುವುದಿಲ್ಲ. ಇದ್ದವರಿಗೆ ಪಥ್ಯ ಜೀವನಪೂರ್ತಿ. ದಕ್ಷಿಣದಲ್ಲಿ ಅಪರೂಪವಾದ್ದರಿಂದ ಇದರ ನೆನಪು ತಡವಾಗಿ ಬರುವ ಸಂಭವವಿದೆ. ಕೇಳುವ ಸಂಕೋಚ ಬೇಡ.

ರೋಗ ಖಚಿತವಾದ ಮನೆಗೆ ಉರ್ವದ ಅಡುಗೆ ಅರ್ಧ ಆಸ್ಪತ್ರೆಯಿದ್ದಂತೆ. ಉಳಿದರ್ಧದಲ್ಲಿ ಕಣ್ಣಿಟ್ಟಿರಬೇಕು. ಡಬ್ಬಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಮಾಲ್ಟ್ ಹಾಕಿದ, ಪರೀಕ್ಷೆಯ ಕಾಲದಲ್ಲಿ ಮಕ್ಕಳಿಗೆ ಒತ್ತಾಯಿಸಿ ಕುಡಿಸುವ ಪೇಯಗಳಲ್ಲಿ ಬಾರ್ಲಿ ಇರುತ್ತದೆ. ಸೋಯಾ ಸಾಸಿನಲ್ಲೂ ಗೋಧಿಯುಂಟು. ಗ್ಲುಟೆನ್ ರಹಿತವೆಂದು ಬರೆದ ಪೊಟ್ಟಣದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದೆಂಬುದು ನಮ್ಮ ದೇಶದ ನಿಯಮ. ಬೆಳಿಗ್ಗೆ ಗೋಧಿ ದೋಸೆ ಹೊಯ್ದ ಕಾವಲಿಯನ್ನು ತಿಕ್ಕಿ ತೊಳೆಯದೆ ಅದರಲ್ಲೇ ಮಗುವಿಗೆ ನೀರುದೋಸೆ ಹೊಯ್ದರೆ, ಆ ದೋಸೆಯೂ ಗೋಧಿಯ ಲೆಕ್ಕಕ್ಕೇ ಸೇರುತ್ತದೆ.